ಏಳನೇ ಕಿಲೋಮೀಟರಿನ ಎಲೆ

ಜೂನ್ 3, ಮಂಗಳವಾರ

ಎಡಗಡೆಯ ಪುಟದಲ್ಲಿ ಬೀಜಕಣಗಳ ಸಂಖ್ಯೆ, ಬಲಗಡೆಯ ಪುಟದಲ್ಲಿ ನನ್ನ ಹರಟೆ. ಇಪ್ಪತ್ತೆರಡು ವರ್ಷ ಸಹಕಾರ ಸಂಘದ ಹೊಲ ತನಿಖೆಯವನಾಗಿ ಪ್ರತಿ ಮಂಗಳವಾರ ಬರೆದ ಕೈ ಇದು. ನಿವೃತ್ತಿಯಾಯಿತೆಂದು ಕೈಗೆ ಯಾರೂ ತಿಳಿಸಿಲ್ಲ. ಬೀಳ್ಕೊಡುವಾಗ ಸಂಘದವರು ಒಂದು ಗೋಡೆ ಗಡಿಯಾರ ಕೊಟ್ಟರು, ನಾನು ಹನ್ನೊಂದು ನೋಟುಪುಸ್ತಕ ಕದ್ದುಕೊಂಡು ಬಂದೆ. ಗಡಿಯಾರ ಆ ಕ್ರಿಸ್‌ಮಸ್ಸಿಗೇ ನಿಂತಿತು.

ಈ ವಾರದ ಬೀಜಕಣ: ಸೊನ್ನೆ. ಈ ಒಂದು ಕೆಲಸವನ್ನು ಸಂಘ ಇನ್ನೂ ನನ್ನ ಕೈಯಲ್ಲೇ ಬಿಟ್ಟಿದೆ: ರಸ್ತೆ ಪಕ್ಕದ ಕಂಬದ ಮೇಲೆ ಅಂಟು ಬಳಿದ ಗಾಜಿನ ಪಟ್ಟಿಯನ್ನು ಗಾಳಿಗೊಡ್ಡಿ ಇಡುತ್ತೇನೆ, ಸೋಯಾ ತುಕ್ಕು ರೋಗದ ಕಣ ಬಿದ್ದಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಈಗ ಬೀಳಲೂ ಬಾರದು. ಸೋಯಾ ಕೊಯ್ಲಾಗಿ ಮೂರು ತಿಂಗಳು, ನಮ್ಮ ಪರಾನಾ ರಾಜ್ಯದ ಹೊಲಗಳ ತುಂಬ ಮೆಕ್ಕೆಜೋಳ. ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಹಸಿರೆಲೆಯೇ ಬೇಕು, ಎಲೆ ಸತ್ತರೆ ಅದೂ ಸತ್ತಿತು. ಅದಕ್ಕೇ ಬರುವ ಮಂಗಳವಾರದಿಂದ ತೊಂಬತ್ತು ದಿನ ಇಡೀ ಜಿಲ್ಲೆಯಲ್ಲಿ ಒಂದೇ ಒಂದು ಸೋಯಾ ಗಿಡ ಬದುಕಿರಕೂಡದು. ಸರಕಾರದ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರುಂಟು, ನಾವು ಸೂತಕ ಅನ್ನುತ್ತೇವೆ. ಲಾರಿಯಿಂದ ಉದುರಿ ರಸ್ತೆ ಬದಿಯಲ್ಲಿ ತಾನಾಗಿ ಹುಟ್ಟಿದ್ದನ್ನೂ ಕಿತ್ತು ಹಾಕಬೇಕು. "ಒಂದು ಗಿಡ ಅಂದ್ರೂ ಗಿಡವೇ" ಎಂದು ಮೊಪೆಡ್ ಮೇಲೆ ಊರೂರು ತಿರುಗಿ ಜನರ ತಲೆ ತಿಂದವನು ನಾನು.

ಈಗ ನನ್ನ ಕೋಳಿಗೂಡಿನ ಹಿಂದೆ ಏಳು ಗಿಡಗಳಿವೆ.

ಬರೆದಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅವು ನನ್ನ ಹೆಂಡತಿ ಶಿಜುಕೊಳ ಕಪ್ಪು ಸೋಯಾ. ಅವಳ ಅಮ್ಮ ಜಪಾನಿನಿಂದ ಹಡಗು ಹತ್ತಿದಾಗ ಸೊಂಟಕ್ಕೆ ಕಟ್ಟಿಕೊಂಡು ತಂದ ಬೀಜ, ಅಂಗಡಿಯಲ್ಲಿ ಸಿಗುವುದಲ್ಲ. ಎಳೆಯ ಕಾಯನ್ನು ಉಪ್ಪುನೀರಿನಲ್ಲಿ ಬೇಯಿಸಿ ತಿನ್ನುತ್ತಾರೆ, ಒಂದು ಸಾಲನ್ನು ಮಾತ್ರ ಬೀಜಕ್ಕೆಂದು ಬಲಿಯಲು ಬಿಡುತ್ತಾರೆ. ನಮ್ಮ ಸೆಕೆಗೆ ಸೋಯಾ ಬೀಜ ಎರಡು ವರ್ಷಕ್ಕಿಂತ ಹೆಚ್ಚು ಬಾಳದು. ಅವಳು ಹೋದದ್ದು ಹೋದ ವರ್ಷ ಏಪ್ರಿಲ್‌ನಲ್ಲಿ. ಅಕ್ಟೋಬರಿನಲ್ಲಿ ಬಿತ್ತಬೇಕಿತ್ತು. ಡಬ್ಬಿ ಇದ್ದದ್ದು ಮೇಲಿನ ಅಟ್ಟಣೆಯಲ್ಲಿ, ನನಗೆ ಬೆನ್ನುನೋವು. ಈ ಮಾರ್ಚಿನಲ್ಲಿ ಬೆನ್ನು ಸರಿಹೋಯಿತು. ಅರವತ್ತು ಕಾಳು ಹಾಕಿದೆ, ಹನ್ನೊಂದು ಮೊಳೆತವು, ನಾಲ್ಕನ್ನು ಕೋಳಿ ತಿಂದವು. ಡಬ್ಬಿ ಖಾಲಿ. ಈ ಏಳರಲ್ಲಿ ಕಾಳು ಬಲಿತು ಒಣಗದಿದ್ದರೆ ಆ ಬೀಜದ ಕಥೆ ಮುಗಿಯಿತು. ಬಲಿಯುವುದು ಜುಲೈ ಕೊನೆಗೆ.

ಕಳೆದ ಬುಧವಾರ ಒಂದೆಲೆಯಲ್ಲಿ ಕಂದು ಚುಕ್ಕೆ ಕಂಡಿತು. ಶೆಡ್ಡಿನಲ್ಲಿದ್ದ ಹಳೆಯ ಸೀಸೆಯ ತಳ ಬಳಿದು ಔಷಧಿ ಹೊಡೆದೆ. ಹೇಳಿದ ಪ್ರಮಾಣದ ಅರ್ಧವೂ ಆಗಲಿಲ್ಲ. ಏಳೇ ಗಿಡ ತಾನೆ.

ಜೂನ್ 10, ಮಂಗಳವಾರ

ಸೂತಕ ಶುರು. ರೇಡಿಯೋದಲ್ಲಿ ಬೆಳಗಿನಿಂದ ಅದೇ ಘೋಷಣೆ. ಧ್ವನಿ ಕಡಿಮೆ ಮಾಡಿದೆ. ಗಿಡಗಳಿಗೆ ಕಿವಿಯಿಲ್ಲ ಎಂಬುದು ನನಗೆ ಗೊತ್ತು.

ಬೀಜಕಣ: ಸೊನ್ನೆ.

ಜೂನ್ 12, ಗುರುವಾರ

ಚುಕ್ಕೆ ಹೋಗಿಲ್ಲ. ಇನ್ನೊಂದು ಜಾತಿಯ ಔಷಧಿಯ ಸೀಸೆ ಸಿಕ್ಕಿತು, ಅವಧಿ ಮುಗಿದು ಎರಡು ವರ್ಷವಾಗಿದೆ, ತಳದಲ್ಲಿ ಒಂದು ಗುಟುಕು. ಅದನ್ನೂ ಹೊಡೆದೆ. ಅವಧಿ ಮುಗಿದವರೂ ಕೆಲಸ ಮಾಡಬಲ್ಲರು, ನನ್ನನ್ನು ನೋಡಿ.

ಜೂನ್ 17, ಮಂಗಳವಾರ

ಜುಸೇಲಿಯಾ ಬಂದಿದ್ದಳು. ಸಂಶೋಧನಾ ಕೇಂದ್ರದ ಡಾಕ್ಟರಮ್ಮ. ಮನುಷ್ಯರ ಡಾಕ್ಟರಲ್ಲ, ಬೂಷ್ಟಿನ ಡಾಕ್ಟರು. ಯಾರ ಮಗ ಯಾರು, ಯಾವ ಊರಿಂದ ಬಂದವನು ಎಂಬ ಕಟ್ಟೆ ಹರಟೆಯನ್ನೇ ತುಕ್ಕು ರೋಗದ ಬಗ್ಗೆ ಆಡಿದರೆ ಅದಕ್ಕೆ ಜನಸಮೂಹ ತಳಿಶಾಸ್ತ್ರ ಅನ್ನುತ್ತಾರಂತೆ, ಸರಕಾರ ಸಂಬಳವನ್ನೂ ಕೊಡುತ್ತದಂತೆ. ಅಕ್ಟೋಬರಿನಲ್ಲಿ ಕಾಣುವ ತುಕ್ಕು ಪರಾಗ್ವೆಯಿಂದ ಹಾರಿ ಬಂದದ್ದೋ, ಇಲ್ಲೇ ಯಾವುದೋ ಮೂಲೆಯ ಗಿಡದಲ್ಲಿ ಚಳಿಗಾಲ ಕಳೆದದ್ದೋ, ಅದು ಅವಳ ಪ್ರಶ್ನೆ.

"ಇದಕ್ಕೆ ಮದುವೆ ಗಿದುವೆ ಇಲ್ಲ ಅನ್ಸೆಲ್ಮೊ ಅವ್ರೇ," ಅಂದಳು. "ನಮ್ಮ ದೇಶದಲ್ಲಂತೂ ಇಲ್ಲ. ತನ್ನ ನಕಲು ತಾನೇ ಹೊಡ್ಕೊಂಡು ಹೋಗತ್ತೆ. ಒಂದು ಗುಳ್ಳೆ ಒಡೆದ್ರೆ ಸಾವಿರ ತದ್ರೂಪಿ."

"ಹಾಗಾದ್ರೆ ಮನೇಲಿ ಜಗಳ ಕಮ್ಮಿ."

"ಜಗಳನೂ ಕಮ್ಮಿ, ಮನೆತನನೂ ಕಮ್ಮಿ. ರಾಜ್ಯ ಪೂರ್ತಿ ಜಾಲಾಡಿದ್ರೂ ಮೂರೋ ನಾಲ್ಕೋ ವಂಶ. ನಕಲು ಮಾಡುವಾಗ ಯಾವಾಗ್ಲೋ ಒಂದು ಅಕ್ಷರ ತಪ್ಪತ್ತೆ ನೋಡಿ, ಆ ತಪ್ಪು ಮಕ್ಕಳು ಮೊಮ್ಮಕ್ಕಳಿಗೂ ಹೋಗತ್ತೆ. ಅದನ್ನ ಹಿಡ್ಕೊಂಡೇ ಇದು ಯಾರ ಮನೇದು ಅಂತ ಹೇಳೋದು."

ಅಪ್ಪನ ಮೂಗು ನನಗೆ ಬಂದ ಹಾಗೆ ಅಂದೆ. ಅವಳು ನನ್ನ ಮೂಗನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ರಸ್ತೆ ಬದಿಯ ಗಿಡಗಳಿಂದ ಎಲೆ ಕಿತ್ತು ಕಳಿಸಲು ಹತ್ತು ಲಕೋಟೆ ಕೊಟ್ಟಳು. "ದಿನಾಂಕ ಒಂದೆರಡು ದಿನ ಆಚೀಚೆ ಆದ್ರೂ ಪರವಾಗಿಲ್ಲ, ಜಾಗ ಮಾತ್ರ ಸರಿಯಾಗಿ ಬರೀರಿ. ಜಾಗ ತಪ್ಪಾದ್ರೆ ನನ್ನ ಕೈಗೆ ಬರೋದು ಬರೀ ಕಸ."

"ನನಗೆ ಹೇಳ್ಕೊಡ್ತೀಯಾ?" ಅಂದೆ.

ಹೋಗುವಾಗ ಓದಲು ತನ್ನದೊಂದು ಪ್ರಬಂಧ ಕೊಟ್ಟಳು. ಇಂಗ್ಲಿಷಿನಲ್ಲಿದೆ. ಕೃಷಿ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತವನು ನಾನು. ಉಳಿದಿರುವುದು "ದಿ ಬುಕ್ ಈಸ್ ಆನ್ ದಿ ಟೇಬಲ್". ಹಾಗೆಯೇ ಮೇಜಿನ ಮೇಲಿಟ್ಟಿದ್ದೇನೆ.

ಜೂನ್ 18, ಬುಧವಾರ

ಭೂತಗನ್ನಡಿ ಹಿಡಿದು ಎಲೆಯ ಬೆನ್ನು ನೋಡಿದೆ. ತುಕ್ಕು ಬದುಕಿದೆ. ಬದುಕಿರುವುದಷ್ಟೇ ಅಲ್ಲ, ಎರಡೂ ಔಷಧಿ ಕುಡಿದು ತೇಗಿದ ಹಾಗೆ ಹೊಸ ಗುಳ್ಳೆಗಳೆದ್ದು ಕಣ ಉಗುಳುತ್ತಿವೆ. ಇಂಥದ್ದನ್ನು ನಾನು ಕಂಡಿಲ್ಲ.

ಕಾಣದ್ದನ್ನು ಕಂಡಮೇಲೆ ಸುಮ್ಮನಿರುವುದು ಹೇಗೆ? ಮೂರೆಲೆ ಕಿತ್ತು ಸುದ್ದಿಪತ್ರಿಕೆಯಲ್ಲಿ ಒತ್ತಿ ಲಕೋಟೆಗೆ ಹಾಕಿದೆ. ಲಕೋಟೆಯ ಮೇಲೆ ಜುಸೇಲಿಯಾ ಬರೆದಿದ್ದ ಸಂಖ್ಯೆ ಮೂವತ್ತೊಂದು. ದಿನಾಂಕ ಬರೆದೆ. ಜಾಗದ ಮುಂದೆ ಪೆನ್ನು ನಿಂತಿತು. "ನನ್ನ ಹಿತ್ತಲು" ಎಂದು ಬರೆದರೆ ನಾಳೆಯೇ ಬಂದು ಕಿತ್ತು ಹಾಕುತ್ತಾರೆ. ಕಳಿಸದೇ ಇದ್ದರೆ ನಾನು ನಾನಲ್ಲ. ಕಡೆಗೆ ಬರೆದೆ: ಏಳನೇ ಕಿಲೋಮೀಟರು, ಕುಷ್ಲಾನ ಬೇಲಿ ಪಕ್ಕದ ದಿಬ್ಬ.

ಪೂರ್ತಿ ಸುಳ್ಳೇನಲ್ಲ. ಲಾರಿಗಳು ತಿರುಗುವ ಜಾಗ ಅದು, ಪ್ರತಿವರ್ಷ ಅಲ್ಲಿ ಗಿಡ ಇರುತ್ತವೆ, ಪ್ರತಿವರ್ಷ ನಾನು ಅಲ್ಲಿ ಎಲೆ ಕಿತ್ತಿದ್ದೇನೆ. ಈ ವರ್ಷವೂ ಇರಬಹುದು. ಜಾಗ ಸರಿ, ಗಿಡ ಬೇರೆ, ಅಷ್ಟೆ.

ಇನ್ನು ಆ ಕುಷ್ಲಾ, ಪಕ್ಕದ ಮನೆಯವನು, ನನ್ನ ಇಸ್ಪೀಟಿನ ಜತೆಗಾರ. ಶಿಜುಕೊ ತೀರಿದ ಏಳನೇ ದಿನದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುತ್ತಿದ್ದೆ. ನನ್ನ ಹೆಗಲ ಮೇಲೆ ಕೈಹಾಕಿ ಮೂವರು ವಿಧವೆಯರ ಹೆಸರು ಹೇಳಿದ. ಒಬ್ಬಳಿಗೆ ಟ್ರ್ಯಾಕ್ಟರ್ ಓಡಿಸಲೂ ಬರುತ್ತದಂತೆ. ಅಂದಿನಿಂದ ಮಾತಿಲ್ಲ, ಇಸ್ಪೀಟಿಲ್ಲ. ಹದಿನಾಲ್ಕು ತಿಂಗಳು.

ಜುಲೈ 1, ಮಂಗಳವಾರ

ಬೀಜಕಣ: ಸೊನ್ನೆ.

ಜುಸೇಲಿಯಾಳ ಫೋನು. ಫೋನಿಲ್ಲದೆಯೇ ಕೇಳಿಸುತ್ತಿತ್ತು, ಅಷ್ಟು ಕೂಗುತ್ತಿದ್ದಳು.

"ಮೂವತ್ತೊಂದನೇ ಲಕೋಟೆ! ಅನ್ಸೆಲ್ಮೊ ಅವ್ರೇ, ಇದು ಯಾವ ಮನೆತನಕ್ಕೂ ಸೇರಿಲ್ಲ! ಆ ಔಷಧಿಗೆ ಬಗ್ಗದ್ದು ಒಂದು ವಂಶ, ಈ ಔಷಧಿಗೆ ಬಗ್ಗದ್ದು ಇನ್ನೊಂದು, ಅದು ಗೊತ್ತಿತ್ತು. ಎರಡಕ್ಕೂ ಇಷ್ಟು ಜೋರಾಗಿ ಬಗ್ಗದ ತಪ್ಪಕ್ಷರಗಳು ಒಂದೇ ಮೈಯಲ್ಲಿ ಇರೋದನ್ನ ನಾನು ನೋಡ್ತಿರೋದು ಇದೇ ಮೊದಲು!"

"ಒಳ್ಳೇದೋ ಕೆಟ್ಟದ್ದೋ?"

"ನನಗೆ ಒಳ್ಳೇದು, ಊರಿಗೆ ಕೆಟ್ಟದ್ದು. ಸೆಪ್ಟೆಂಬರ್ ಬಿತ್ತನೆವರೆಗೂ ಇದು ಬದುಕಿದ್ರೆ ಆಮೇಲೆ ನೀವು ಹೊಲಕ್ಕೆ ಔಷಧಿ ಹೊಡೀರಿ, ನೀರು ಹೊಡೀರಿ, ಎರಡೂ ಒಂದೇ. ನಾನು ವರದಿ ಮಾಡ್ಲೇಬೇಕು. ಏಳನೇ ಕಿಲೋಮೀಟರಿಗೆ ತಪಾಸಣೆಯವರು ಬರ್ತಾರೆ."

ಕೋಳಿಗಳಿಗೆ ಎರಡು ಸಲ ಮೇವು ಹಾಕಿದೆ. ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಆರಿಸಿ ಒಲೆಗೆ ಹಾಕಿದೆ. ಗಿಡಗಳ ಮೇಲೆ ಹೂವಿನ ಚಿತ್ತಾರದ ಮೇಜುಬಟ್ಟೆ ಹೊದಿಸಿದ್ದೇನೆ, ಗಾಳಿ ಕಣಗಳನ್ನು ಒಯ್ಯದಿರಲಿ ಎಂದು. ದೂರದಿಂದ ನೋಡಿದರೆ ಏಳು ಜನ ಕುಳಿತು ಊಟಕ್ಕೆ ಕಾದ ಹಾಗಿದೆ.

ಜುಲೈ 4, ಶುಕ್ರವಾರ

ಕುಷ್ಲಾನ ಬೇಲಿಯ ಬಳಿ ತಪಾಸಣೆ. ಎಲೆ ಕಿತ್ತವನೆಂದು ನನ್ನನ್ನೂ ಕರೆಸಿದ್ದರು. ದಿಬ್ಬದ ಮೇಲೆ ನಾಲ್ಕು ಗಿಡ ಸಿಕ್ಕವು. ಸಿಗದೇ ಇರುತ್ತವೆಯೇ? ಒಂದರಲ್ಲೂ ತುಕ್ಕಿರಲಿಲ್ಲ. ಆದರೆ ಲಕೋಟೆ ಲಕೋಟೆಯೇ. ಕುಷ್ಲಾ ಸಂಘಕ್ಕೆ ಬಿತ್ತನೆ ಬೀಜ ಬೆಳೆದು ಕೊಡುವವನು, ಹತ್ತೊಂಬತ್ತು ವರ್ಷದಿಂದ. ಆ ಬೀಜಗಾರರ ಹಸಿರು ಟೋಪಿಯನ್ನು ಚರ್ಚಿನಲ್ಲೂ ತೆಗೆಯುವುದಿಲ್ಲ, ಪಾದ್ರಿ ಹೇಳಿ ಹೇಳಿ ಸೋತಿದ್ದಾರೆ. ಹದಿನಾರನೇ ತಾರೀಖಿನ ಸಭೆಯಲ್ಲಿ ಅವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೇ ಎಂದು ತೀರ್ಮಾನವಂತೆ.

"ಕಳೆ ಕಿತ್ತಿದೀನಿ ಸ್ವಾಮಿ, ಮೊನ್ನೆ ಮೊನ್ನೆ ಕಿತ್ತಿದೀನಿ," ಎಂದು ಅವನು ತಪಾಸಣೆಯವನಿಗೆ ಹೇಳುತ್ತಿದ್ದ. "ನನ್ನ ಬೇಲಿ ಹತ್ರ ತುಕ್ಕು ಹಿಡಿದ ಎಲೆ ಯಾರಿಗೆ ಸಿಕ್ತು?"

"ಅನ್ಸೆಲ್ಮೊ ಬ್ರುಸ್ತೊಲಿನ್ ಅವರಿಗೆ."

ಕುಷ್ಲಾ ತಿರುಗಿ ನನ್ನನ್ನು ನೋಡಿದ. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ, ನನ್ನಲ್ಲೂ ನಾಲ್ಕು ಇದ್ದವು.

"ಓ, ಇವನಾ," ಅಂದ. "ಹಾಗಾದ್ರೆ ಇದ್ದಿದ್ದು ನಿಜ ಬಿಡಿ. ಇವನು ಮುಂಗೋಪಿ, ಇಸ್ಪೀಟಲ್ಲಿ ಮೋಸಗಾರ, ಪಕ್ಕದ ಮನೆಯವನಿಗೆ ನಮಸ್ಕಾರ ಹೇಳೋದಿಲ್ಲ. ಆದ್ರೆ ಲಕೋಟೆ ಮೇಲೆ ಸುಳ್ಳು ಬರೆಯೋನಲ್ಲ."

ಮೊಪೆಡ್ ಹತ್ತಿ ಮನೆಗೆ ಬಂದೆ. ದಾರಿಯಲ್ಲಿ ಎರಡು ಸಲ ಎಂಜಿನ್ ನಿಂತಿತು. ಅದರ ತಪ್ಪೇನೂ ಇರಲಿಲ್ಲ, ನಾನೇ ಪೆಟ್ರೋಲಿನ ನಲ್ಲಿ ತೆರೆಯಲು ಮರೆತಿದ್ದೆ.

ಜುಲೈ 8, ಮಂಗಳವಾರ

ಬೀಜಕಣ: ಸೊನ್ನೆ.

ಮೇಜಿನ ಮೇಲಿದ್ದ ಪ್ರಬಂಧ ಓದಿದೆ. ನಿಘಂಟು ಶಿಜುಕೊಳದ್ದು, ಪೋರ್ಚುಗೀಸಿನಿಂದ ಜಪಾನಿ ಭಾಷೆಗೆ, ಹಾಗಾಗಿ ಉಪಯೋಗಕ್ಕೆ ಬರಲಿಲ್ಲ. "ದಿ ಪಾಪ್ಯುಲೇಷನ್ ಈಸ್..." ಎಂದು ಶುರುವಾಗುವ ವಾಕ್ಯ ಏಳನೇ ಸಾಲಿನಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ನನ್ನ ಮಾಟೆ ಕಷಾಯ ತಣ್ಣಗಾಗುತ್ತದೆ. ಆದರೂ ಚಿತ್ರಗಳಿದ್ದವು, ಗೀಟುಗಳಿದ್ದವು, ಮೂರು ಗಂಟೆ ಹೊತ್ತಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಪೂರ್ತಿ ಔಷಧಿ ಹೊಡೆದರೆ ಹೆಚ್ಚುಕಮ್ಮಿ ಎಲ್ಲವೂ ಸಾಯುತ್ತವೆ. ಅರ್ಧ ಹೊಡೆದರೆ ಬಡಪಾಯಿಗಳು ಸತ್ತು ಗಟ್ಟಿಗರಿಗೆ ಮನೆ ಖಾಲಿಯಾಗುತ್ತದೆ. ಆ ಗಟ್ಟಿಗರಿಗೆ ಇನ್ನೊಂದು ಔಷಧಿಯನ್ನೂ ಅರ್ಧವೇ ಹೊಡೆದರೆ, ಗಟ್ಟಿಗರಲ್ಲಿ ಮಹಾಗಟ್ಟಿಗ ಒಬ್ಬನೇ ಉಳಿದು ಏಳೂ ಗಿಡಗಳಲ್ಲಿ ಸಂಸಾರ ಹೂಡುತ್ತಾನೆ. ಗಾಳಿ ತಂದು ಹಾಕಿದ ನೂರು ಕಣಗಳಲ್ಲಿ ಆ ಒಬ್ಬನನ್ನು ಆರಿಸಿ, ಅವನ ನೆಂಟರಿಷ್ಟರನ್ನೆಲ್ಲ ಕೊಂದು, ಬೆಚ್ಚಗೆ ಮೇಜುಬಟ್ಟೆ ಹೊದಿಸಿ ಸಾಕುತ್ತಿರುವವನು ನಾನು. "ತಳ ಉಳಿದ ಸೀಸೆ ಬಳಸಬೇಡಿ, ಅರ್ಧ ಪ್ರಮಾಣ ಹೊಡೆಯಬೇಡಿ" ಎಂದು ಕರಪತ್ರ ಹಂಚುತ್ತಿದ್ದವನೂ ನಾನೇ. ಕರಪತ್ರದಲ್ಲಿ ನನ್ನ ಫೋಟೊ ಕೂಡ ಇತ್ತು.

ಜುಲೈ 10, ಗುರುವಾರ

ಜುಲೈ ಇಲ್ಲಿ ನಡುಚಳಿಗಾಲ, ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ. ಕೋಳಿಗೂಡಿನ ಗೋಡೆಯ ಬಿಸಿ ಗಿಡಗಳನ್ನು ಉಳಿಸಿತು.

ಓಲ್ಗಾ ಬಂದಿದ್ದಳು, ಕುಷ್ಲಾನ ಹೆಂಡತಿ. ಕೈಯಲ್ಲಿ ಆಲೂಗಡ್ಡೆ ತುಂಬಿದ ಕಡುಬಿನ ಪಾತ್ರೆ. ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದೆ, ಹಿತ್ತಲು ಕಾಣದ ಹಾಗೆ ಬಾಗಿಲಿಗೆ ಅಡ್ಡ ನಿಂತು.

"ಅಣ್ಣಾ, ನಿಮ್ಮ ಮಾತಿಗೆ ಸಂಘದಲ್ಲಿ ಬೆಲೆ ಇದೆ," ಅಂದಳು. "ಇವರು ಗಿಡ ಕಿತ್ತಿದ್ರು ಅಂತ ಒಂದು ಮಾತು ಹೇಳಿ. ಮನುಷ್ಯ ಟೋಪಿ ತೆಗೆದು ಮೊಳೆಗೆ ನೇತುಹಾಕಿದಾರೆ. ಹತ್ತೊಂಬತ್ತು ವರ್ಷದಲ್ಲಿ ಅವರ ತಲೆ ನಾನು ಇಷ್ಟು ಹೊತ್ತು ನೋಡಿಲ್ಲ. ನೋಡೋಕಾಗ್ತಿಲ್ಲ."

ನೋಡೋಣ ಅಂದೆ. ಅವಳು ಹೋದಮೇಲೆ, ಈ ಕಡುಬು ನನ್ನ ಗಂಟಲಲ್ಲಿ ಇಳಿಯದು ಎಂದುಕೊಂಡೆ. ಹದಿನೆಂಟು ಇದ್ದವು. ಇಳಿದವು.

ಜುಲೈ 13, ಭಾನುವಾರ

ಕಾಯಿ ಒತ್ತಿ ನೋಡಿದೆ. ಒಳಗೆ ಕಾಳು ತುಂಬಿ ಗುಂಡಗಾಗಿದೆ, ಆದರೆ ಇನ್ನೂ ಹಸಿರು. ಹದಿನಾಲ್ಕು ದಿನ ಬೇಕು. ಸಭೆಗೆ ಇರುವುದು ಮೂರು.

ಸಭೆಯಲ್ಲಿ ಸುಮ್ಮನಿದ್ದು, ಇಪ್ಪತ್ತೇಳಕ್ಕೆ ಕಾಳು ಬಿಡಿಸಿಕೊಂಡು, ಇಪ್ಪತ್ತೆಂಟಕ್ಕೆ ಹೋಗಿ ತಪ್ಪೊಪ್ಪಿಕೊಂಡರೆ? ಪಟ್ಟಿಯಿಂದ ತೆಗೆದ ಹೆಸರನ್ನು ಮತ್ತೆ ಸೇರಿಸಬಹುದು. ಬಹುದು. ಆದರೆ ತೆಗೆದ ಹೆಸರನ್ನು ಸಂಘ ಮತ್ತೆ ಸೇರಿಸಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ. ಅಷ್ಟರಲ್ಲಿ ಒಂದು ಜೋರು ಗಾಳಿ ಬೀಸಿದರೆ ಮಹಾಗಟ್ಟಿಗ ಮೇಜುಬಟ್ಟೆ ದಾಟಿ ಜಿಲ್ಲೆ ಸುತ್ತುತ್ತಾನೆ.

ಶಿಜುಕೊ ಏನೆನ್ನುತ್ತಿದ್ದಳು ಎಂದು ಯೋಚಿಸಿದೆ. ಏನೂ ಅನ್ನುತ್ತಿರಲಿಲ್ಲ. ಪ್ರತಿ ಜನವರಿಯಲ್ಲಿ ಮೊದಲ ಬಟ್ಟಲು ಬೇಯಿಸಿದ ಕಾಯನ್ನು ಕುಷ್ಲಾನ ಮನೆಗೆ ಕಳಿಸುತ್ತಿದ್ದಳು, ನಾನು ಅವನ ಜತೆ ಇಸ್ಪೀಟಿನಲ್ಲಿ ಜಗಳ ಮಾಡಿಕೊಂಡು ಬಂದ ದಿನವೇ, ನನ್ನ ಕೈಯಲ್ಲೇ. ಬಿಸಿ ಬಟ್ಟಲು ಹಿಡಿದುಕೊಂಡು ಯಾರ ಮೇಲೂ ಕೋಪ ಮಾಡಲಾಗುವುದಿಲ್ಲ, ಬೆರಳು ಸುಡುತ್ತದೆ.

ಅವಳ ಬಗ್ಗೆ ಇಷ್ಟು ಬರೆದದ್ದು ಇದೇ ಮೊದಲು ಅನಿಸುತ್ತದೆ. ಪುಟ ಮುಗಿಯಿತು.

ಜುಲೈ 16, ಬುಧವಾರ

ಸಭೆಯಲ್ಲಿ ಎದ್ದು ನಿಂತೆ. ಅಧ್ಯಕ್ಷರು "ಎರಡೇ ನಿಮಿಷ, ಅನ್ಸೆಲ್ಮೊ" ಅಂದರು, ನನ್ನ ಭಾಷಣಗಳ ಅನುಭವ ಅವರಿಗಿದೆ. ಎರಡು ನಿಮಿಷ ಬೇಕಾಗಲಿಲ್ಲ.

"ಮೂವತ್ತೊಂದನೇ ಲಕೋಟೆಯ ಎಲೆ ಕುಷ್ಲಾನ ಬೇಲಿಯದಲ್ಲ. ನನ್ನ ಹಿತ್ತಲದ್ದು. ಕೋಳಿಗೂಡಿನ ಹಿಂದೆ ಏಳು ಗಿಡ ಇದೆ. ಜಾಗ ನಾನೇ ಸುಳ್ಳು ಬರೆದೆ."

ಸಭಾಂಗಣದಲ್ಲಿದ್ದ ಎಂಬತ್ತು ಜನರೂ ನನ್ನತ್ತ ತಿರುಗಿದರು. ಜುಸೇಲಿಯಾ ಕೈಯಲ್ಲಿದ್ದ ಪೆನ್ನನ್ನು ನಿಧಾನವಾಗಿ ಕೆಳಗಿಟ್ಟಳು. ಆ ಪೆನ್ನಿನ ಸದ್ದನ್ನು ನಾನು ಮರೆಯಲಾರೆ.

"ಯಾಕೆ?" ಅಂದರು ಅಧ್ಯಕ್ಷರು. "ಸೂತಕ ಕಾಯೋ ನೀನೇ ಯಾಕೆ ಗಿಡ ಇಟ್ಕೊಂಡೆ?"

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಎಂಬತ್ತು ಜೋಡಿ ಕಣ್ಣು. ಮುಂದಿನ ಸಾಲಿನಲ್ಲಿ ಕುಷ್ಲಾ, ಟೋಪಿಯಿಲ್ಲದ ತಲೆ, ನಡುವೆ ಬೋಳು.

"ಬಿಯರ್ ಜತೆ ತಿನ್ನೋಕೆ," ಅಂದೆ. "ಕಾಯಿ ಬೇಯಿಸಿ ತಿಂತಾರಲ್ಲ, ಆ ಚಪಲ."

ಎಂಬತ್ತು ಜನ ನಕ್ಕರು. ನಗದೇ ಇದ್ದವನು ಕುಷ್ಲಾ ಒಬ್ಬ. ನಗು ಮುಗಿದ ಮೇಲೆ ಕೈ ಎತ್ತಿ ತೀರ್ಮಾನ ಮಾಡಿದರು: ಅವನ ಹೆಸರು ಪಟ್ಟಿಯಲ್ಲಿ ಉಳಿಯಿತು. ಬೀಜಕಣದ ಗಾಜು ಓದುವ ಕೆಲಸ ಇನ್ನು ನನಗಿಲ್ಲ. ಗಿಡಗಳನ್ನು ಇವತ್ತೇ ಕೀಳಬೇಕು.

ಜುಸೇಲಿಯಾಳ ಗಾಡಿಯಲ್ಲಿ ಹಿಂತಿರುಗಿದೆ. ಅರ್ಧ ದಾರಿ ಅವಳು ಗೇರುಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಆಮೇಲೆ ಒಂದೇ ಉಸಿರಿಗೆ, "ನಿಮ್ಮ ಒಂದು ಸುಳ್ಳು ಜಾಗದಿಂದ ನನ್ನ ಹದಿನೈದು ದಿನದ ನಕ್ಷೆ ಹಾಳಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಅನುಮಾನ ಪಡ್ತಿದ್ದೆ. ಬಿಯರ್‌ಗೋಸ್ಕರ ಅಂತೆ!"

"ಬಿಯರ್‌ಗೋಸ್ಕರ ಅಲ್ಲ ಮಗಳೇ," ಅಂದೆ. ಹಡಗು, ಸೊಂಟದ ಗಂಟು, ಖಾಲಿ ಡಬ್ಬಿ, ಎಲ್ಲ ಹೇಳಿದೆ. ಬೆನ್ನುನೋವಿರಲಿಲ್ಲ ಎಂಬುದನ್ನೂ.

ಅವಳು ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. "ಇದನ್ನ ಅಲ್ಲಿ ಯಾಕೆ ಹೇಳ್ಲಿಲ್ಲ?"

"ಅಲ್ಲಿ ಎಂಬತ್ತು ಜನ ಇದ್ರು."

ಅವಳು ಸ್ವಲ್ಪ ಹೊತ್ತು ಸ್ಟೀರಿಂಗ್ ಮೇಲೆ ಬೆರಳು ಕುಟ್ಟಿದಳು. "ತುಕ್ಕು ಎಲೆಯಲ್ಲಿರೋದು, ಬೀಜದಲ್ಲಲ್ಲ. ಗಿಡ ಕಿತ್ತು, ಎಲೆ ಪೂರ್ತಿ ಚೀಲಕ್ಕೆ ಕಟ್ಟಿ ಸುಡೋಣ. ಕಾಯಿಗಳನ್ನ ದಂಟಿನ ಸಮೇತ ನೆರಳಲ್ಲಿ ತೂಗುಹಾಕಿ. ನಿಧಾನವಾಗಿ ಒಣಗಿದ್ರೆ ಐದರಲ್ಲಿ ಒಂದು ಮೊಳೀಬಹುದು. ಅಧಿಕಾರಿ ಹತ್ರ ನಾನು ಮಾತಾಡ್ತೀನಿ."

ಐದರಲ್ಲಿ ಒಂದು. ಮನೆಯವರೆಗೂ ಅದನ್ನೇ ಮನಸ್ಸಿನಲ್ಲಿ ಗುಣಿಸುತ್ತ ಬಂದೆ. ಏಳು ಗಿಡ, ಗಿಡಕ್ಕೆ ಮೂವತ್ತು ಕಾಯಿ, ಕಾಯಿಗೆ ಎರಡು ಕಾಳು. ಎಂಬತ್ತನಾಲ್ಕು ಗಿಡ! ಶಿಜುಕೊ ಕೂಡ ಅಷ್ಟು ಬೆಳೆದಿರಲಿಲ್ಲ.

ನಮ್ಮ ಹಿಂದೆಯೇ ತಪಾಸಣೆಯವನ ಗಾಡಿ, ಅದರ ಹಿಂದೆ ಕುಷ್ಲಾ ಮತ್ತು ಓಲ್ಗಾ. ಕುಷ್ಲಾ ಇಳಿದವನೇ ನನ್ನೆದುರು ಬಂದು ನಿಂತ. ಈಗ ಬಾರಿಸುತ್ತಾನೆ ಎಂದುಕೊಂಡೆ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ.

"ಥೂ, ಕನ್ನಡಕ ಹಾಕ್ಕೊಳ್ಳೋ ಮುದುಕಾ," ಅಂದ. "ನಿನ್ನನ್ನ ಹೊಡೆದು ನಾನು ಜೈಲಿಗೆ ಹೋಗ್ಲಾ? ಕುಡುಗೋಲೆಲ್ಲಿ?"

ನಾಲ್ಕು ಜನ ಸೇರಿ ಗಿಡ ಕಿತ್ತು, ಎಲೆ ಬಿಡಿಸಿ ಚೀಲಕ್ಕೆ ತುಂಬಿದೆವು. ತಪಾಸಣೆಯವನು ಮೇಜುಬಟ್ಟೆಯನ್ನು ಸಾಕ್ಷ್ಯವೆಂದು ಬರೆದುಕೊಳ್ಳಬೇಕೇ ಬೇಡವೇ ಎಂದು ಬಹಳ ಹೊತ್ತು ಯೋಚಿಸಿದ. ಆಮೇಲೆ ಅವನು, ಜುಸೇಲಿಯಾ, ನಾನು ಎಲೆಗಳ ಚೀಲ ಹೊತ್ತು ಅಂಗಳದ ಗುಂಡಿಗೆ ಹೋದೆವು. ಅಲ್ಲಿ ಬೆಂಕಿ ಹಾಕಿ, ಕಾಗದಕ್ಕೆ ಸಹಿ ಮಾಡಿ, ಕಾಯಿ ತೂಗುಹಾಕಲು ಅವನಿಂದ ಅಪ್ಪಣೆ ಪಡೆದು ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಜುಸೇಲಿಯಾ ಶೆಡ್ಡಿನಿಂದ ಹಗ್ಗವನ್ನೂ ಹುಡುಕಿ ತಂದಳು.

ಹಿತ್ತಲಲ್ಲಿ ಬರೀ ದಂಟುಗಳು ಬಿದ್ದಿದ್ದವು.

ಅಡಿಗೆಮನೆಯಿಂದ ಆವಿ ಬರುತ್ತಿತ್ತು. ಒಲೆಯ ಮೇಲೆ ಶಿಜುಕೊಳ ದೊಡ್ಡ ಪಾತ್ರೆ. ಕುಷ್ಲಾ ಸೌಟು ಹಿಡಿದು ನಿಂತಿದ್ದ, ಮುಖವೆಲ್ಲ ಬೆವರು. ಓಲ್ಗಾ ಮೇಜಿನ ಮೇಲೆ ಬಟ್ಟಲು ಜೋಡಿಸುತ್ತಿದ್ದಳು.

"ಗಿಡದಿಂದ ಕಿತ್ತಮೇಲೆ ಕಾಯೋ ಹಾಗಿಲ್ಲ, ಸೀದಾ ಕುದಿಯೋ ನೀರಿಗೆ," ಅಂದ ಅವನು. "ನಿನ್ನ ಹೆಂಡ್ತಿ ಓಲ್ಗಾಗೆ ಹೇಳ್ಕೊಟ್ಟಿದ್ದು. ಸಿಹಿ ಹೋಗ್ಬಿಡತ್ತಂತೆ. ನೀನು ಅಷ್ಟೊಂದು ಆಸೆಪಟ್ಟು ಮಾನ ಬಿಟ್ಟು ಬೆಳೆಸಿದೀಯ, ಕಡೇಪಕ್ಷ ತಿನ್ನಾದ್ರೂ ತಿನ್ನು ಅಂತ ಎಲ್ಲಾನೂ ಹಾಕ್ದೆ. ಒಂದೂ ಬಿಟ್ಟಿಲ್ಲ ನೋಡು."

ನನ್ನ ಹಿಂದೆ ಜುಸೇಲಿಯಾ ಉಸಿರೆಳೆದುಕೊಂಡದ್ದು ಕೇಳಿಸಿತು. ಅವಳು ಬಾಯಿ ತೆರೆಯುವ ಮೊದಲೇ ಹಗ್ಗ ಹಿಡಿದ ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದೆ.

ಪಾತ್ರೆಯೊಳಗೆ ನೋಡಿದೆ. ಹಸಿರು ಇನ್ನಷ್ಟು ಹಸಿರಾಗಿತ್ತು. ಎಲ್ಲ ಮೇಲೆ ಕೆಳಗೆ ತಿರುಗುತ್ತಿದ್ದವು.

"ಉಪ್ಪು ಹಾಕಿದೀಯಾ?" ಅಂದೆ.

"ಒಂದು ಹಿಡಿ."

"ಎರಡು ಹಾಕಬೇಕು," ಅಂದೆ. ಇನ್ನೊಂದು ಹಿಡಿ ನಾನೇ ಹಾಕಿದೆ.

ಐದೂ ಜನ ಕುಳಿತು ತಿಂದೆವು. ತಪಾಸಣೆಯವನು ಮೊದಲು ಬೇಡವೆಂದ, ನಿಷೇಧದ ಕಾಲದ ಸೋಯಾ ಎಂದು. ಸತ್ತ ಗಿಡದ್ದು, ಬೆಂದದ್ದು, ಕಾನೂನಿನಲ್ಲಿ ಇದು ಪಲ್ಯ ಎಂದು ವಾಲ್ದೊಮಿರೊ ಕುಷ್ಲಾ ತೀರ್ಪು ಕೊಟ್ಟ. ಜುಸೇಲಿಯಾ ಕೊನೆಯ ಔಷಧಿ ಹೊಡೆದದ್ದು ಯಾವಾಗ ಎಂದು ಕೇಳಿ, ಮೂವತ್ತನಾಲ್ಕು ದಿನವೆಂದು ಬೆರಳೆಣಿಸಿ ಖಾತ್ರಿ ಮಾಡಿಕೊಂಡು ಬಟ್ಟಲಿಗೆ ಕೈಹಾಕಿದಳು. ಅವಳು ನನ್ನ ಮುಖ ನೋಡುತ್ತಲೇ ಇದ್ದಳು, ನಾನು ಕಾಯಿ ಸುಲಿಯುತ್ತಲೇ ಇದ್ದೆ. ತುಟಿಗಿಟ್ಟು ಒತ್ತಿದರೆ ಕಾಳು ತಾನಾಗಿ ಬಾಯಿಗೆ ಜಿಗಿಯುತ್ತದೆ. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು, ಅದೇ ಕಷ್ಟ.

ಜುಲೈ 22, ಮಂಗಳವಾರ

ಎಡಗಡೆಯ ಪುಟ ಇನ್ನು ನನ್ನದಲ್ಲ, ಆದರೆ ಖಾಲಿ ಬಿಡಲು ಮನಸ್ಸಾಗದೆ ಬರೆಯುತ್ತೇನೆ: ಸೊನ್ನೆ.

ಗಾಜು ಓದುವ ಕೆಲಸಕ್ಕೆ ವಾಲ್ದೊಮಿರೊ ಹೆಸರು ಕೊಟ್ಟಿದ್ದಾನೆ. ಅವನಿಗೆ ಬೀಜಕಣಕ್ಕೂ ಸೊಳ್ಳೆಯ ಕಾಲಿಗೂ ವ್ಯತ್ಯಾಸ ಗೊತ್ತಿಲ್ಲ. ಹಾಗಾಗಿ ಗಾಜನ್ನು ನನ್ನ ಅಡಿಗೆಮನೆಗೆ ತಂದು, ನನ್ನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾನೆ. ಸಂಘದವರಿಗೆ ಇದು ಗೊತ್ತು, ಗೊತ್ತಿಲ್ಲದ ಹಾಗೆ ಇದ್ದಾರೆ.

"ಇದು ತುಕ್ಕೇ ಕಣೋ, ದುಂಡಗಿದೆ!"

"ಅದು ಮೆಕ್ಕೆಜೋಳದ ಪರಾಗ. ಆನೆ ಗಾತ್ರ ಇದೆ, ಕಣ್ಣು ಕಾಣಲ್ವಾ?"

"ಮೇಷ್ಟ್ರ ಹಾಗೆ ಗದರಬೇಡ. ಆ ಬುರುಡೆ ಈ ಕಡೆ ಕೊಡು."

ಮಾಟೆ ಕಷಾಯದ ಸೋರೆಬುರುಡೆ ಅವನ ಕೈಗೆ ಕೊಟ್ಟೆ. ಹೀರಿ ಮುಗಿಸಿ, ಹಸಿರು ಟೋಪಿ ಸರಿಮಾಡಿಕೊಂಡು, ಕಿಟಕಿಯಿಂದ ಕೋಳಿಗೂಡಿನ ಹಿಂದಿನ ಖಾಲಿ ಜಾಗ ನೋಡಿದ.

"ಈ ಸಲ ಅಕ್ಟೋಬರ್‌ನಲ್ಲೇ ಹಾಕ್ಬಿಡು ಮಾರಾಯ, ಎಲ್ಲರ ಹಾಗೆ, ಕಾನೂನು ಪ್ರಕಾರ. ಓಲ್ಗಾಗೆ ಆ ಕಾಯಿ ಅಂದ್ರೆ ಪ್ರಾಣ. ಬೀಜ ಎಲ್ಲಿಟ್ಟಿದೀಯಾ, ಕೋಳಿ ಪಾಲಾದಾವು ಜೋಕೆ."

"ಭದ್ರವಾಗಿದೆ," ಅಂದೆ. "ನೀನು ಗಾಜು ನೋಡು."